ಎರಡು ಸಲ ಬರೆದ ಮನೆ

ಜಾಲಿಗುಡ್ಡದ ಓದುಗವಿ,
ಎರಡನೆಯ ಆಷಾಢದ ನಲವತ್ತೊಂದನೆಯ ದಿನ, ನೀರೆಣಿಕೆ ೨೦೬

'ಒಪ್ಪು' ಎಂದು ಬರೆದ ಅಣ್ಣನವರಿಗೆ ಅಥವಾ ಅಕ್ಕನವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷ ಎಣಿಸುವುದು ಊರುಗಳು ಮುಳುಗಿದಂದಿನಿಂದ, ತಿಂಗಳು ಮುಗಿಸುವುದು ಚಂದ್ರನಲ್ಲ, ನೀರು. ಹಿನ್ನೀರು ಗುಡ್ಡದ ಬುಡದ ಗುರುತುಕಲ್ಲಿನಿಂದ ಕೆಳಗಿಳಿಯುವ ತನಕ ಆಷಾಢ ಆಷಾಢವೇ. ಈ ವರ್ಷ ಅದು ಇಳಿಯುವ ಮನಸ್ಸು ಮಾಡಿಲ್ಲ, ಹಾಗಾಗಿ ನಾವು ಇನ್ನೂ ನಲವತ್ತೊಂದರಲ್ಲಿದ್ದೇವೆ. ನನ್ನ ಮಾತಿನ ರೀತಿಯೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಚೇರಿಯ ಸುತ್ತೋಲೆಗಳಿಂದ. ಸಿಟ್ಟು ನೆತ್ತಿಗೇರಿದಾಗಲೂ ನನ್ನ ಬಾಯಿಗೆ ಮೊದಲು ಬರುವುದು 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಮಾತು. ಇವತ್ತು ಸಿಟ್ಟು ಬಂದಿದೆ. ಆದ್ದರಿಂದ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆಯುತ್ತಿದ್ದೇನೆ.

ನನ್ನ ಹೆಸರು ನಿಂಬೆವ್ವ. ನಾನು ಸಂಪುಟಗಾರ್ತಿ, ಎಂದರೆ ನೀವು ಮೇನ್‌ಫ್ರೇಮ್ ಎಂದು ಕರೆಯುತ್ತಿದ್ದ ದೊಡ್ಡ ಗಣಕಗಳ ಸಂಪುಟಗಳನ್ನು ಓದಿ, ಅವುಗಳಲ್ಲಿ ಕೆಟ್ಟುಹೋದ ದಾಖಲೆಗಳನ್ನು ಉಳಿಸುವವಳು. ಸಂಪುಟ ಎಂದರೆ ಪುಸ್ತಕ ಎಂದುಕೊಂಡೇ ಈ ಕೆಲಸಕ್ಕೆ ಸೇರಿದೆ. ಅವು ತಿರುಗುವ ತಟ್ಟೆಗಳು ಎಂದು ತಿಳಿದ ದಿನ ಮೋಸಹೋದೆ ಅನ್ನಿಸಿತ್ತು. ಆಮೇಲೆ ಅಭ್ಯಾಸವಾಯಿತು. ಪ್ರತಿ ಸಂಪುಟದ ತಲೆಯಲ್ಲಿ ಆರು ಅಕ್ಷರದ ಹೆಸರು, ಅದರ ಹಿಂದೆ ಒಳಗೆ ಏನೇನಿದೆ ಎಂಬ ಪಟ್ಟಿ, ಆಮೇಲೆ ಒಂದರ ಪಕ್ಕ ಒಂದು ಡೇಟಾಸೆಟ್‌ಗಳು, ಎಂದರೆ ದಾಖಲೆಗಳ ಕಟ್ಟುಗಳು. ಯಾರು ಇಷ್ಟು ಅಚ್ಚುಕಟ್ಟಾಗಿ ಸಂಸಾರ ಮಾಡಿದರೋ ಎಂದು ನಿಮ್ಮವರನ್ನು ಮೆಚ್ಚಿಕೊಂಡದ್ದೂ ಉಂಟು. ವರ್ಷಕ್ಕೊಮ್ಮೆ ಪ್ರತಿ ಸಂಪುಟಗಾರ್ತಿ ತಾನು ಓದಿದ ದಾಖಲೆಯನ್ನು ಬರೆದವರಿಗೆ ಒಂದು ಕಾಗದ ಬರೆದು ಅದೇ ಸಂಪುಟದ ನಕಲಿನ ಖಾಲಿ ಜಾಗದಲ್ಲಿ ಇಡಬೇಕು. ಇದನ್ನು ಮರುಮಾತು ಅನ್ನುತ್ತೇವೆ. ಇಷ್ಟು ವರ್ಷ ಒಬ್ಬರ ಮಾತು ಕೇಳಿಸಿಕೊಂಡು ಒಂದೂ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎಂದು ಯಾರೋ ಹಿಂದಿನವರು ಮಾಡಿದ ಪದ್ಧತಿ. ನಾನು ಪ್ರತಿ ವರ್ಷ ನಾಲ್ಕು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತಿದ್ದೆ. ಈ ಸಲ ಸುಮ್ಮನಿರಲು ಆಗುತ್ತಿಲ್ಲ.

ನಾವು ಓದುವ ಕ್ರಮ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಮೂಲ ತಟ್ಟೆಯ ಮೇಲೆ ನಾವು ಏನನ್ನೂ ಬರೆಯುವುದಿಲ್ಲ. ಮೊದಲು ಇದ್ದದ್ದು ಇದ್ದ ಹಾಗೆ ಇನ್ನೊಂದಕ್ಕೆ ಇಳಿಸಿ, ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡುತ್ತೇವೆ. ಓದುವಾಗ ಇಬ್ಬರಿರುತ್ತೇವೆ. ಒಬ್ಬರು ಓದುತ್ತಾರೆ, ಇನ್ನೊಬ್ಬರ ಕೆಲಸ ನಂಬದೇ ಇರುವುದು. ಆ ಹುದ್ದೆಯ ಹೆಸರೇ 'ಅಲ್ಲ'. ನನ್ನ ಅಲ್ಲನಾದ ದ್ಯಾಮಣ್ಣನಿಗೆ ಈ ಕೆಲಸ ರಕ್ತಕ್ಕೇ ಇಳಿದಿದೆ. ಊಟವಾಯಿತೇ ಎಂದು ಕೇಳಿದರೂ ಮೊದಲು ಅಲ್ಲ ಅಂದು, ಆಮೇಲೆ ಹೊಟ್ಟೆ ಮುಟ್ಟಿ ನೋಡಿಕೊಂಡು ಹೌದು ಅನ್ನುತ್ತಾನೆ. ಮೂರನೆಯ ನಿಯಮ ಎಲ್ಲಕ್ಕಿಂತ ಕಟ್ಟುನಿಟ್ಟಿನದು: ಕಳೆದುಹೋದ ಜಾಗದಲ್ಲಿ ಊಹೆ ತುಂಬಬಾರದು. ಹೆಸರಿನಲ್ಲಿ ಒಂದೇ ಅಕ್ಷರ ಹೋಗಿದ್ದು, ಅದು ಯಾವುದೆಂದು ತೊಟ್ಟಿಲ ಕೂಸಿಗೂ ಹೊಳೆಯುವಂತಿದ್ದರೂ 'ನಷ್ಟ' ಎಂದೇ ಓದಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆಂದರೆ ನಮ್ಮಲ್ಲಿ ಮನುಷ್ಯ ಎಲ್ಲಿ ಮಲಗಬೇಕು ಎಂಬುದನ್ನು ನಿಮ್ಮ ದಾಖಲೆ ತೀರ್ಮಾನಿಸುತ್ತದೆ. ನಿಮ್ಮ ಕಾಲದಲ್ಲಿ ಅಣೆಕಟ್ಟೆಗೆ ಮುಳುಗಲಿದ್ದ ಹಳ್ಳಿಗಳ ಮನೆ ಮನೆ ಎಣಿಸಿದ್ದಿರಲ್ಲ, ಆ ಮುಳುಗಡೆ ಗಣತಿಯ ಡೇಟಾಸೆಟ್ಟೇ ಈಗ ನಮ್ಮ ಕಾನೂನು. ಅದರಲ್ಲಿ ಯಾರ ಹಿರಿಯರ ಮನೆ ಇದೆಯೋ ಅವರಿಗೆ ಗುಡ್ಡದ ಮೇಲೆ ಜಾಗ. ಒಂದು ದಾಖಲೆಗೆ ಒಂದು ಜಾಗ. ಇಲ್ಲದವರು ಅಂಚಿನವರು. ಅಂಚು ಎಂದರೆ ನೀರು ನೆಲವನ್ನು ಮುಟ್ಟುವ ಗೆರೆ. ಆ ಗೆರೆ ಮೇಲೆ ಬಂದರೆ ಮನೆಯೂ ಮೇಲೆ, ಕೆಳಗೆ ಹೋದರೆ ಮನೆಯೂ ಕೆಳಗೆ. ಒಲೆಯನ್ನು ಕಬ್ಬಿಣದ ಬುಟ್ಟಿಯಲ್ಲಿ ಹೊತ್ತುಕೊಂಡು ತಿರುಗುತ್ತಾರೆ. ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ದೋಣಿಗೆ ಬಿಗಿದಿರುತ್ತಾರೆ. ಅಲ್ಲಿನ ಕೋಳಿಗಳು ದೋಣಿಯ ಹುಟ್ಟಿನ ಕೋಲಿನ ಮೇಲೆ ಕುಳಿತು ನಿದ್ದೆ ಮಾಡುವುದನ್ನು ಕಲಿತಿವೆ. ಬೇಸಗೆಯಲ್ಲಿ ನೀರು ಬಿಟ್ಟುಹೋದ ಕಪ್ಪು ರಾಡಿಯಲ್ಲಿ ಸಜ್ಜೆ, ಹುಳಿಸೊಪ್ಪಾದ ಪುಂಡಿಪಲ್ಯ ಬೆಳೆಯುತ್ತಾರೆ. ಆ ಪುಂಡಿಪಲ್ಯದ ರುಚಿ ಗುಡ್ಡದ ಮೇಲಿನ ಯಾವ ಪಲ್ಯಕ್ಕೂ ಇಲ್ಲ. ಮೇಲಿನವರು ತಿನ್ನುತ್ತಾರೆ, ಹೊಗಳುತ್ತಾರೆ, ಬೆಳೆದವರನ್ನು ಮೇಲಕ್ಕೆ ಕರೆಯುವುದಿಲ್ಲ.

ಈ ವರ್ಷ ಗುಡ್ಡವನ್ನು ಆಳುವ ಸಭೆಗೆ ಇನ್ನೊಂದು ಬುದ್ಧಿ ಬಂತು. ಅಂಚಿನಲ್ಲಿ ಜನ ಹೆಚ್ಚಾದರು, ದಾಖಲೆ ತೋರಿಸದವರು ನೀರಿಳಿದ ಕೂಡಲೇ ಆಚೆದಂಡೆಗೆ ಹೋಗಬೇಕು ಎಂದು ಗೊತ್ತುಮಾಡಿತು. ಆಚೆದಂಡೆಯಲ್ಲಿ ಬೇಸಗೆಗೆ ಕುಡಿಯುವ ನೀರಿಲ್ಲ. ಹಿಂದೆ ಅಲ್ಲಿಗೆ ಹೋದವರಲ್ಲಿ ಅರ್ಧ ಜನ ಮಾತ್ರ ಮರುವರ್ಷ ತಿರುಗಿ ಬಂದಿದ್ದಾರೆ.

ಅಂಚಿನಲ್ಲಿ ನನ್ನ ಗೆಳತಿ ಹುಲಿಗೆವ್ವ ಇದ್ದಾಳೆ. ನಾವಿಬ್ಬರೂ ಓರಗೆಯವರು, ಒಂದೇ ಕಲ್ಲಿನ ಮೇಲಿಂದ ನೀರಿಗೆ ಹಾರಿದವರು. ಈಗ ಅವಳಿಗೆ ಮೊಣಕಾಲು ನೋವು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ತೊಗರಿಹಾಳ ಎಂಬ ಮುಳುಗಿದ ಹಳ್ಳಿಯಲ್ಲಿ ತಮ್ಮದೊಂದು ಮನೆ ಇತ್ತು, ಅಂಗಳದಲ್ಲಿ ಬೇವಿನ ಮರವಿತ್ತು ಎಂದು ಅವಳ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಗಣತಿಯಲ್ಲಿ ತೊಗರಿಹಾಳದ ಎಲ್ಲ ದಾಖಲೆಗಳನ್ನೂ ಹುಡುಕಿದೆ. ಅವಳ ಹಿರಿಯರು ಸಿಗಲಿಲ್ಲ. ಸಿಕ್ಕಿದ್ದು ಬೇರೆಯದು. ನಾಲ್ಕುನೂರ ಹನ್ನೆರಡನೆಯ ದಾಖಲೆಯಲ್ಲಿ ಬಡಿಗೇರ ಕಾಳಪ್ಪ, ಏಳು ಜನ, ಒಂದು ಮನೆ, ಒಂದು ಕೊಟ್ಟಿಗೆ, ಹುಣಸೆಮರ ಎರಡು. ನಾಲ್ಕುನೂರ ಹದಿಮೂರರಲ್ಲಿ ಮತ್ತೆ ಬಡಿಗೇರ ಕಾಳಪ್ಪ, ಏಳು ಜನ, ಕೊಟ್ಟಿಗೆ, ಅವೇ ಎರಡು ಹುಣಸೆಮರ. ಇದರಿಂದಾಗಿ ಬಡಿಗೇರರಿಗೆ ಗುಡ್ಡದ ಮೇಲೆ ತಲೆಮಾರುಗಳಿಂದ ಎರಡು ಜಾಗಗಳಿವೆ. ನಮ್ಮ ಮುತ್ತಜ್ಜನಿಗೆ ಎರಡು ಮನೆ ಇದ್ದವು ಎಂದು ಅವರು ಮದುವೆ ಮಾತುಕತೆಯಲ್ಲೂ ಹೇಳಿಕೊಳ್ಳುತ್ತಾರೆ.

"ಅಲ್ಲ" ಎಂದ ದ್ಯಾಮಣ್ಣ. "ಎರಡ್ ಮನಿ ಇರ್ಬೌದು ನಿಂಬೆಕ್ಕ. ಎರಡೂ ಮನ್ಯಾಗ ಅದ ಏಳ್ ಮಂದಿ ಹೆಂಗ್ ಇರ್ತಾರ?"

ಅವನ ಅನುಮಾನದ ಬೆನ್ನು ಹಿಡಿದು ಗವಿಯ ಹಿಂಬದಿಯಲ್ಲಿದ್ದ ಹಳೆಯ ಸಂಪುಟವೊಂದನ್ನು ಬಿಚ್ಚಿದೆವು. ನಾವು ಇಷ್ಟು ಕಾಲ ಓದುತ್ತಿದ್ದ ಗಣತಿ ನಿಮ್ಮ ಕಾಲದಲ್ಲೇ ಇದರಿಂದ ಇಳಿಸಿಕೊಂಡದ್ದು. ಅಂಟಿಕೊಂಡಿದ್ದ ತಟ್ಟೆಯನ್ನು ಬಿಡಿಸುವುದಕ್ಕೇ ನನ್ನ ಅರ್ಧ ಜೀವ ಹೋಯಿತು. ಅದರಲ್ಲಿ ನಾಲ್ಕುನೂರ ಹದಿಮೂರರ ತುಂಡು ಕೆಟ್ಟಿತ್ತು. ಕ್ರಮಸಂಖ್ಯೆಯೂ ಹಳ್ಳಿಯ ಹೆಸರೂ ಬೇರೆ ಜಾಗದ ಸೂಚಿಯಲ್ಲಿ ಇದ್ದುದರಿಂದ ಉಳಿದುಕೊಂಡಿವೆ. ಹಳ್ಳಿ ತೊಗರಿಹಾಳ. ಹೆಸರಿನ ಜಾಗ ಪೂರ್ತಿ ನಷ್ಟ. ನಡುವೆ ಎರಡೇ ಸಂಗತಿಗಳು ಬದುಕಿದ್ದವು: ಜನ ಐದು, ಬೇವಿನಮರ ಒಂದು. ಬಡಿಗೇರ ಕಾಳಪ್ಪ ಅಲ್ಲಿ ಇರಲೇ ಇಲ್ಲ.

ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನನ್ನ ಸಮಾಧಾನಕ್ಕೆ. ನಿಮ್ಮ ಪ್ರೋಗ್ರಾಮ್ ಹಳೆಯ ಸಂಪುಟದಿಂದ ಹೊಸದಕ್ಕೆ ದಾಖಲೆಗಳನ್ನು ಬಡಿಸುತ್ತ ಹೋಯಿತು. ಕೆಟ್ಟ ತುಂಡು ಬಂದಾಗ ಸೌಟಿಗೆ ಏನೂ ಸಿಗಲಿಲ್ಲ. ಸೌಟಿನಲ್ಲಿ ಹಿಂದಿನ ದಾಖಲೆ ಹಾಗೇ ಅಂಟಿಕೊಂಡಿತ್ತು, ಅದನ್ನೇ ಇನ್ನೊಮ್ಮೆ ಎಲೆಗೆ ಸುರಿಯಿತು, ಹೊಸ ಸಂಖ್ಯೆ ಹಚ್ಚಿತು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಪ್ರೋಗ್ರಾಮಿಗೆ ಮೊದಲೇ ಹೇಳಿಡಲು ನಿಮಗೆ ಮೂರು ದಾರಿಗಳಿದ್ದವು: ನಿಲ್ಲು, ದಾಟು, ಒಪ್ಪು. ನಿಮ್ಮ ಕೆಲಸದ ಆದೇಶವೂ ಅದೇ ಸಂಪುಟದಲ್ಲಿ ಉಳಿದಿದೆ. ನಿಲ್ಲು ಎಂದಿದ್ದರೆ ಕೆಲಸ ಅಲ್ಲೇ ನಿಂತು ಯಾರಾದರೂ ಎದ್ದು ಬಂದು ನೋಡುತ್ತಿದ್ದರು. ದಾಟು ಎಂದಿದ್ದರೆ ಒಂದು ಸಂಖ್ಯೆ ತಪ್ಪಿ, ನಮ್ಮ ಕಣ್ಣಿಗೆ ತೂತು ಕಾಣುತ್ತಿತ್ತು. ನೀವು ಒಪ್ಪು ಎಂದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡು ನಮ್ಮಲ್ಲಿ ನಗುತ್ತಾರೆ. ನಿಮ್ಮ ಪ್ರೋಗ್ರಾಮ್ ಆ ಇಲ್ಲದ ಕರುವನ್ನು ತಂದು ಎರಡು ಹುಣಸೆಮರಗಳಿಗೂ ಕಟ್ಟಿ ಹಾಕಿತು. ಬೆಳಗಾಗುವುದರೊಳಗೆ ಕೆಲಸ ಮುಗಿಯಬೇಕೆಂದು ಮೇಲಿನವರು ಒತ್ತಾಯ ಮಾಡಿದ್ದರೇನೋ. ನಿಮಗೂ ಮನೆಯಲ್ಲಿ ಕಾಯುವವರಿದ್ದರೇನೋ. ನೀವು ಕೆಟ್ಟವರೆಂದು ನಾನು ಅನ್ನುವುದಿಲ್ಲ. ಆದರೆ ಕೆಟ್ಟ ತುಂಡು ನಮಗೆ ಇಷ್ಟು ಕೇಡು ಮಾಡಿರಲಿಲ್ಲ, ಗುರುತೇ ಇಲ್ಲದಂತೆ ಹಾಕಿದ ತೇಪೆ ಮಾಡಿತು.

ಹುಲಿಗೆವ್ವನಿಗೆ ಹೇಳಿದಾಗ ಅವಳು ಸಜ್ಜೆರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಐದ್ ಮಂದಿ, ಬೇವಿನ ಗಿಡ. ಮತ್ತಿನ್ನೇನ್ ಬೇಕು ನಿನಗ? ನಮ್ಮ ಹಿರೇನ ಹೆಸರು ಫಕೀರಪ್ಪ ಅಂತ ಹೇಳೀನಲ್ಲ. ಅದ್ನ ಅಲ್ಲಿ ಕುಂದರ್ಸು. ನಿನ್ ಕೈಯೇನ್ ಸವೀತೈತೇನು?"

ನಾನು ನಿಯಮ ಹೇಳಿದೆ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನನ್ನ ಮುಖ ನೋಡಿದಳು. "ಸುಳ್ಳ ಹೆಸರು ಬರದವ್ರು ನಿಮಗ ದೇವ್ರು. ಖರೇ ಹೆಸರು ಬರಿ ಅಂದ್ರ ನಿಯಮ. ಆತು ಬಿಡವ್ವ, ರೊಟ್ಟಿ ತಿಂದ್ ಹೋಗು."

ಅಂದಿನಿಂದ ಗವಿಯಲ್ಲಿ ಕುಳಿತರೆ ನನ್ನ ಬೆರಳು ತಾನಾಗಿ ಆ ಜಾಗಕ್ಕೆ ಹೋಗುತ್ತಿತ್ತು. ಫಕೀರಪ್ಪ ಎಂದು ಬರೆಯಲು ಎಷ್ಟು ಹೊತ್ತು ಬೇಕು? ನನ್ನ ಅಲ್ಲನಿಗೂ ಮನಸ್ಸು ಕರಗಿತ್ತೆಂದು ಕಾಣುತ್ತದೆ, ಮುಖ ತಿರುಗಿಸಿ ಕುಳಿತುಬಿಡುತ್ತಿದ್ದ. ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೂರು ವರ್ಷದ ಮೇಲೆ ಇನ್ನೊಬ್ಬ ನಿಂಬೆವ್ವ ಬಂದು ನನ್ನನ್ನು ಬೈಯುತ್ತಿದ್ದಳು, ಅಷ್ಟೇ. ನಾನು ಬರೆಯಲಿಲ್ಲ. ಗೆಳತಿಯ ಮೇಲೆ ಪ್ರೀತಿ ಕಡಿಮೆ ಇತ್ತೆಂದಲ್ಲ. ನಾನು ಒಂದು ಹೆಸರು ಊಹಿಸಿ ಬರೆದರೆ ನಾನು ಇದುವರೆಗೆ ಓದಿದ ಯಾವ ಹೆಸರನ್ನೂ ಯಾರೂ ನಂಬಬೇಕಾಗಿಲ್ಲ. ಗುಡ್ಡದ ಮೇಲಿರುವ ಪ್ರತಿಯೊಬ್ಬರೂ ಆ ನಂಬಿಕೆಯ ಮೇಲೆ ಮಲಗಿದ್ದಾರೆ.

ಬರೆಯುವ ಬದಲು ತೂತನ್ನೇ ಸಭೆಯಲ್ಲಿ ಓದಲು ನಿಶ್ಚಯಿಸಿದೆ. ನಮ್ಮಲ್ಲಿ ಒಂದು ಮನೆಯ ದಾಖಲೆ ಓದುವಾಗ ಇಡೀ ಸಭೆ ಎದ್ದು ನಿಲ್ಲಬೇಕು, ಓದು ಮುಗಿಯುವ ತನಕ ಯಾರೂ ಕುಳಿತುಕೊಳ್ಳುವಂತಿಲ್ಲ. ನಾನು ಹಳೆಯ ಸಂಪುಟದ ನಾಲ್ಕುನೂರ ಹದಿಮೂರು ಎಂದೆ, ಎಲ್ಲರೂ ಎದ್ದರು. ನಷ್ಟ ಎಂದೆ. ಮತ್ತೆ ನಷ್ಟ, ಮತ್ತೆ ನಷ್ಟ, ಒಂದೊಂದು ಅಕ್ಷರದ ಜಾಗಕ್ಕೂ ಒಂದೊಂದು ಸಲ. ಜನ ಗೊಣಗಲು ಶುರುಮಾಡಿದರು, ಕೆಲವರು ಕುಳಿತೇಬಿಟ್ಟರು. ಸಭೆಯ ಹಿರಿಯಳಾದ ಶಿವಲಿಂಗವ್ವ ಕೈ ಎತ್ತಿ, "ಖಾಲಿ ಜಾಗಕ್ಕ ಯಾಕ ನಿಂದರ್ಬೇಕವ್ವ? ಕಾಲು ನೋಯ್ತಾವ" ಎಂದಳು.

ಖಾಲಿ ಅಲ್ಲ ಎಂದು ನಾನು ಹೇಳಿದೆ. ನಿಮ್ಮ ಯಂತ್ರದಲ್ಲಿ ನಿಜವಾಗಿ ಖಾಲಿ ಬಿಟ್ಟ ಜಾಗಕ್ಕೂ ಒಂದು ಗುರುತಿದೆ. ಅಲ್ಲಿ ನಾಲ್ಕು-ಸೊನ್ನೆ ಎಂಬ ಚಿಹ್ನೆ ಕುಳಿತಿರುತ್ತದೆ, ಇಲ್ಲಿ ಏನೂ ಇಲ್ಲ ಎಂದು ಯಾರೋ ಹೇಳಿ ಹೋದ ಹಾಗೆ. ಈ ಜಾಗದಲ್ಲಿ ಆ ಗುರುತಿಲ್ಲ. ಇಲ್ಲಿ ಒಬ್ಬರು ಇದ್ದರು, ಅವರ ಹೆಸರನ್ನು ಕೇಳಿ ಬರೆದುಕೊಂಡಿದ್ದರು, ಆಮೇಲೆ ಅದು ಹೋಯಿತು. ಆ ಮನೆಯಲ್ಲಿ ಐದು ಜನ ಉಂಡು ಮಲಗುತ್ತಿದ್ದರು.

ಕುಳಿತವರಲ್ಲಿ ಮೊದಲು ಎದ್ದವನು ಬಡಿಗೇರರ ಮನೆಯ ಮೋನಪ್ಪ. ಎರಡು ಜಾಗಗಳ ಒಡೆಯ ಅವನೇ. ಅವನು ಜಗಳಕ್ಕೆ ಎದ್ದನೆಂದುಕೊಂಡೆ. "ಎರಡನೇದು ನಮ್ಮದಲ್ಲಂತ ನಮ್ಮ ಆಯಿ ಸಾಯೂ ಮುಂದ ಹೇಳಿದ್ಳ್ರಿ" ಎಂದ ಅವನು. "ಹುಣಸಿಗಿಡ ಎರಡ ಇದ್ವಂತ, ನಾಕಲ್ಲಂತ. ನಾವು ಬಾಯಿ ಮುಚ್ಕೊಂಡ್ ಕುಂತ್ವಿ. ಜಾಗಾ ತಗೋರಿ. ಯಾರ್ದೈತೋ ಅವ್ರಿಗಿ ಕೊಡ್ರಿ."

ಅವನ ಹಿಂದೆ ಎಲ್ಲರೂ ಎದ್ದರು. ಶಿವಲಿಂಗವ್ವನೂ ಕೋಲು ಊರಿ ಎದ್ದಳು. ಉಳಿದ ನಷ್ಟಗಳನ್ನೆಲ್ಲ, ಅವುಗಳ ನಡುವಿನ ಐದು ಜನ, ಒಂದು ಬೇವಿನಮರವನ್ನೂ, ನಾನು ಓದಿ ಮುಗಿಸುವ ತನಕ ಯಾರೂ ಕುಳಿತುಕೊಳ್ಳಲಿಲ್ಲ. ಹುಲಿಗೆವ್ವ ಬಾಗಿಲ ಬಳಿ ಸೊಸೆಯ ಕೈ ಹಿಡಿದು ನಿಂತಿದ್ದಳು. ಆ ಹೊತ್ತು ನನಗೆ ಆದ ಸಂತೋಷವನ್ನು ನಿಮಗೆ ಹೇಗೆ ಹೇಳಲಿ, ನಿಮ್ಮನ್ನೂ ಕ್ಷಮಿಸಿಬಿಟ್ಟಿದ್ದೆ.

ಆಗ ಹಿಂದಿನಿಂದ ಅಂಬಿಗೇರ ಲಕ್ಕಪ್ಪ ಮುಂದೆ ಬಂದ. ಅವನೂ ಅಂಚಿನವನು. ನಾವೆಲ್ಲ ಒಂದಲ್ಲ ಒಂದು ಸಲ ಅವನ ದೋಣಿಯಲ್ಲಿ ಕೂತವರೇ. ಜೋರಾಗಿ ಮಾತಾಡುವ ಮನುಷ್ಯನಲ್ಲ. "ತಪ್ಪ ತಿಳ್ಕೋಬ್ಯಾಡ್ರಿ" ಎಂದ. "ನಮ್ಮ ಹಿರೇರೂ ತೊಗರಿಹಾಳದವ್ರ. ನಮ್ಮ ಅಂಗಳದಾಗೂ ಬೇವಿನ ಗಿಡ ಇತ್ತಂತ. ಆ ಮನಿ ನಮ್ದೂ ಇರ್ಬೌದಲ್ರಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಲಿಗೆವ್ವನೂ ಸುಳ್ಳು ಹೇಳಿದವಳಲ್ಲ. ಬೇವಿನ ಮರ ಯಾರ ಅಂಗಳದಲ್ಲಿ ಇರಲಿಲ್ಲ? ಸಭೆ ಬಹಳ ಹೊತ್ತು ಗುಸುಗುಸು ಮಾಡಿ ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಜಾಗ ಒಂದೇ. ನೀರಿಳಿಯುವುದರೊಳಗೆ ನಿಂಬೆವ್ವ ಹೆಸರು ಓದಬೇಕು. ಓದಲು ಆಗದಿದ್ದರೆ ಎರಡೂ ಮನೆಯವರು ಆಚೆದಂಡೆಗೆ ಹೋಗಬೇಕು, ಜಾಗ ಸಭೆಗೆ ಸೇರುತ್ತದೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬೆಳಗಾದರೆ ಗುರುತುಕಲ್ಲಿನ ಬಳಿ ಓಡುತ್ತೇನೆ. ಜೀವಮಾನವಿಡೀ ನೀರಿಗೆ ಶಾಪ ಹಾಕಿದವಳು ಈಗ ಇಳಿಯಬೇಡ ತಾಯಿ ಎಂದು ಕೈ ಮುಗಿಯುತ್ತಿದ್ದೇನೆ. ಆ ತುಂಡನ್ನು ನಿಧಾನವಾಗಿ ತಿರುಗಿಸಿ ಓದಿದೆ, ವೇಗವಾಗಿ ತಿರುಗಿಸಿ ಓದಿದೆ, ತಟ್ಟೆ ತಣ್ಣಗಿದ್ದಾಗ ಓದಿದೆ, ಎಳೆಬಿಸಿಲಿಗೆ ಹಿಡಿದು ಓದಿದೆ. ಒಂದೊಂದು ಸಲ ಒಂದೊಂದು ಅಕ್ಷರದ ನೆರಳು ಕಂಡಂತಾಗುತ್ತದೆ. ದ್ಯಾಮಣ್ಣ ಅಲ್ಲ ಅನ್ನುತ್ತಾನೆ. ಹೌದು, ಅಲ್ಲ. ಹುಲಿಗೆವ್ವ ಈಗ ನನ್ನನ್ನು ಏನೂ ಕೇಳುವುದಿಲ್ಲ. ಅವಳು ಮತ್ತು ಲಕ್ಕಪ್ಪನ ಹೆಂಡತಿ ಒಂದೇ ಕಡೆ ನೀರಿಗೆ ಬರುತ್ತಿದ್ದವರು, ಈಗ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ. ಅದನ್ನು ನೋಡಲಾರದೆ ನಾನು ಬೇರೆ ದಾರಿ ಹಿಡಿಯುತ್ತೇನೆ. ನಿಜ ಹೇಳಿದ್ದಕ್ಕೆ ಇಬ್ಬರೂ ಬೀದಿಗೆ ಬೀಳುವಂತಾಯಿತಲ್ಲ, ಸುಮ್ಮನೆ ಫಕೀರಪ್ಪ ಎಂದು ಬರೆದಿದ್ದರೆ ಒಬ್ಬರಾದರೂ ಉಳಿಯುತ್ತಿದ್ದರಲ್ಲ ಎಂಬ ಯೋಚನೆ ದಿನಕ್ಕೆ ಹತ್ತು ಸಲ ಬರುತ್ತದೆ. ಬಂದಾಗಲೆಲ್ಲ ಲಕ್ಕಪ್ಪನ ಮುಖ ಕಾಣುತ್ತದೆ. ನಾನು ಹಾಗೆ ಬರೆದಿದ್ದರೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ದೋಣಿ ನಡೆಸಿಕೊಂಡು ಸುಮ್ಮನೆ ಆಚೆದಂಡೆಗೆ ಹೋಗುತ್ತಿದ್ದ, ಯಾರ ಮೇಲೂ ಸಿಟ್ಟಿಲ್ಲದೆ.

ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ. ಆದ್ದರಿಂದ ನಿಮ್ಮನ್ನು ಬೇಡುತ್ತಿದ್ದೇನೆ. ಈ ಕಾಗದ ನಿಮಗೆ ತಲುಪುವುದಿಲ್ಲ ಎಂದು ನನಗೆ ಗೊತ್ತು, ಬೇಡುವವರಿಗೆ ಅದೆಲ್ಲ ಅಡ್ಡ ಬರುವುದಿಲ್ಲ. ನೀವು ಇನ್ನೂ ಆ ಕುರ್ಚಿಯಲ್ಲಿದ್ದೀರಿ ಎಂದುಕೊಳ್ಳುತ್ತೇನೆ. ಕೆಲಸದ ಆದೇಶ ಇನ್ನೂ ಹೊರಟಿಲ್ಲ, ಒಂದು ಶಬ್ದ ಬದಲಾಯಿಸಿದರೆ ಸಾಕು. ನಿಲ್ಲು ಎಂದು ಬರೆಯಿರಿ. ಕೆಲಸ ನಿಲ್ಲಲಿ, ಮೇಲಿನವರು ಬೈಯಲಿ, ಒಂದು ಬೆಳಗು ಹಾಳಾಗಲಿ. ಹೋದ ವಾರದ ನಕಲು ನಿಮ್ಮ ಕಪಾಟಿನಲ್ಲಿರಬಹುದು. ಅದೂ ಕೆಟ್ಟಿದ್ದರೆ ಇನ್ನೂ ಸುಲಭದ ದಾರಿಯೊಂದು ನಿಮಗಿದೆ, ನನಗದು ಎಂದಿಗೂ ಇಲ್ಲ. ನಾಲ್ಕುನೂರ ಹದಿಮೂರನೆಯ ಮನೆಯವರು ನಿಮ್ಮ ಕಾಲದಲ್ಲಿ ಬದುಕಿದ್ದಾರೆ. ಊರು ಮುಳುಗಲಿದೆ ಎಂದು ತಿಳಿದ ಜನ ಎಲ್ಲಿಗೆ ಹೋಗುತ್ತಾರೆ, ಕಚೇರಿಗೇ ಬರುತ್ತಾರೆ. ಈಗ ನಿಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ, ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು, ಯಾರಾದರೂ ಕರೆಯುತ್ತಾರೇನೋ ಎಂದು ಬೆಳಗಿನಿಂದ ಕಾಯುತ್ತಿರಬಹುದು. ದಯವಿಟ್ಟು ಎದ್ದು ಹೊರಗೆ ಹೋಗಿ. ಅವರ ಹೆಸರು ಕೇಳಿ.

ಇತಿ,
ನಿಂಬೆವ್ವ